ರೆಕ್ಕೆಯ ಬೆನ್ನು ತಿರುಗಿಸಿ ನೋಡಿ: ಯುದ್ಧಕಾಲದ ಪೈಲಟ್ ಬ್ಯಾಡ್ಜ್ ಅಸಲಿಯೋ ನಕಲಿಯೋ?

ಹೋದ ತಿಂಗಳು ಒಂದು ಸಂಜೆ, ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ನಮ್ಮ ಓಣಿಯ ಹುಡುಗನೊಬ್ಬ ಸಿಕ್ಕ. ಕೈ ಒರೆಸಿಕೊಂಡು ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. "ಅಣ್ಣಾ, ಇದನ್ನ ನೋಡ್ರಿ. ಎರಡನೇ ಮಹಾಯುದ್ಧದ ಪೈಲಟ್ ಬ್ಯಾಡ್ಜ್. ನಮ್ಮ ಇಂಡಿಯಾದ್ದೇ."

ಒಳಗಿದ್ದದ್ದು ಅಂಗೈ ಅಗಲದ ಬಟ್ಟೆಯ ತುಂಡು. ಕಪ್ಪು ಅನ್ನಿಸುವಷ್ಟು ಗಾಢ ನೀಲಿ ಉಣ್ಣೆ. ಅದರ ಮೇಲೆ ಕೆನೆ ಬಣ್ಣದ ದಾರದಲ್ಲಿ ಕಸೂತಿ ಮಾಡಿದ ಎರಡು ರೆಕ್ಕೆ, ನಡುವೆ ಎಲೆಗಳ ಬಳೆ, ಬಳೆಯೊಳಗೆ ಇಂಗ್ಲಿಷಿನಲ್ಲಿ 'ಆರ್‌ಐಎಎಫ್' ಅನ್ನುವ ನಾಲ್ಕು ಅಕ್ಷರ, ಮೇಲೊಂದು ಕಿರೀಟ. ಜೊತೆಗೆ ಪಿನ್ ಹೊಡೆದ ಒಂದು ಕಾರ್ಡು. ಅದರಲ್ಲಿ ಹೀಗೆ ಬರೆದಿತ್ತು: 'ಬರ್ಮಾ ಯುದ್ಧ, 1942.'

"ಎಷ್ಟು ಕೊಟ್ಟೆ?"

"ಆರೂವರೆ ಸಾವಿರ. ಫೋನಲ್ಲಿ, ಹಳೇ ಸಾಮಾನಿನ ಗ್ರೂಪಲ್ಲಿ ಸಿಕ್ತು."

ಆ ಕಾರ್ಡಿನಲ್ಲಿ ಒಂದು ದೊಡ್ಡ ತಪ್ಪಿತ್ತು. ಅದೇನು ಅಂತ ಆಮೇಲೆ ಹೇಳ್ತೀನಿ. ಈಗ ನಮ್ಮ ಕಡೆ ಹಳೇ ಮನೆಗಳನ್ನು ಕೆಡವುವುದು ಜಾಸ್ತಿಯಾಗಿದೆ. ಅಟ್ಟದ ಮೇಲಿನ ಟ್ರಂಕುಗಳು ಗುಜರಿ ಸೇರುತ್ತಿವೆ. ಹಳೇ ನಾಣ್ಯ, ಪೆನ್ನು, ಗಡಿಯಾರ ಕೂಡಿಡುತ್ತಿದ್ದವರ ಕೈಗೆ ಈಗ ಇಂಥ ಬ್ಯಾಡ್ಜುಗಳೂ ಬರುತ್ತಿವೆ. ಅಸಲಿ ಯಾವುದು, ನಕಲಿ ಯಾವುದು ಅಂತ ತಿಳಿಯುವುದು ಹೇಗೆ? ಇದಕ್ಕೆ ಮಿಲಿಟರಿಯಲ್ಲಿ ಇದ್ದಿರಬೇಕಾಗಿಲ್ಲ. ಒಂದು ಭೂತಗನ್ನಡಿ, ಸ್ವಲ್ಪ ಇತಿಹಾಸ, ಜಾಸ್ತಿ ತಾಳ್ಮೆ ಇದ್ದರೆ ಸಾಕು.

ಮೊದಲಿಗೆ, ಈ 'ರೆಕ್ಕೆ' ಅಂದರೆ ಏನು?

ವಿಮಾನ ಹಾರಿಸುವ ತರಬೇತಿ ಮುಗಿಸಿ ಪಾಸಾದವನಿಗೆ ಎದೆಯ ಮೇಲೆ ಹಾಕಿಕೊಳ್ಳಲು ಕೊಡುವ ಗುರುತು ಇದು. ಇಂಗ್ಲಿಷಿನಲ್ಲಿ 'ವಿಂಗ್ಸ್' ಅನ್ನುತ್ತಾರೆ. ಬ್ರಿಟಿಷ್ ಪಡೆಗಳಲ್ಲಿ 'ಬ್ರೆವೆ' ಅನ್ನುವ ಮಾತೂ ಇದೆ. ಪದಕ ಬೇರೆ, ರೆಕ್ಕೆ ಬೇರೆ. ಪದಕ ಸಿಗುವುದು ಶೌರ್ಯಕ್ಕೆ, ಇಲ್ಲವೇ ಒಂದು ಯುದ್ಧದಲ್ಲಿ ಸೇವೆ ಮಾಡಿದ್ದಕ್ಕೆ. ರೆಕ್ಕೆ ಅನ್ನುವುದು ಒಂಥರಾ ಲೈಸೆನ್ಸ್ ಇದ್ದ ಹಾಗೆ: ಈ ಮನುಷ್ಯನಿಗೆ ಈ ಕೆಲಸ ಬರುತ್ತದೆ, ಅಷ್ಟೆ.

ಬ್ರಿಟನ್ನಿನಲ್ಲಿ ಪೈಲಟ್‌ಗೆ ಎರಡು ರೆಕ್ಕೆ. ವಿಮಾನದಲ್ಲಿ ಜೊತೆಗೆ ಹೋಗುವ ಉಳಿದವರಿಗೆ ಒಂದೇ ರೆಕ್ಕೆ, ಅದರ ಬುಡದಲ್ಲಿ ಒಂದು ಬಳೆ, ಬಳೆಯೊಳಗೆ ಕೆಲಸ ಹೇಳುವ ಅಕ್ಷರ. ವೀಕ್ಷಕನಿಗೆ 'ಓ'. ಬಂದೂಕು ನೋಡಿಕೊಳ್ಳುವ ಏರ್ ಗನ್ನರ್‌ಗೆ 'ಎಜಿ'. ಈ 'ಎಜಿ' ಬಂದದ್ದು 1939ರ ಡಿಸೆಂಬರ್‌ನಲ್ಲಿ. 1942ರಲ್ಲಿ 'ಓ' ಕೊಡುವುದನ್ನು ನಿಲ್ಲಿಸಿ, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗೆ 'ಎನ್', ಬಾಂಬ್ ಗುರಿ ಇಡುವವನಿಗೆ 'ಬಿ' ಅಂತ ಬೇರೆ ಮಾಡಿದರು. ಹಾಗಾಗಿ "1940ರಲ್ಲಿ ಜರ್ಮನಿಯ ಮೇಲೆ ಹಾರಿದ ನ್ಯಾವಿಗೇಟರ್‌ನದ್ದು" ಅಂತ ಯಾರಾದರೂ 'ಎನ್' ಬ್ಯಾಡ್ಜ್ ತೋರಿಸಿದರೆ, ಅವನು ಅದನ್ನು ಪಡೆದದ್ದು 1942ರ ಆಚೆಗೇ ಇರಬೇಕು.

ಅಮೆರಿಕದವರದ್ದು ಬೇರೆ ಪದ್ಧತಿ. ಅಲ್ಲಿ ಎಲ್ಲರಿಗೂ ಎರಡು ರೆಕ್ಕೆ, ನಡುವಿನ ಚಿತ್ರ ಮಾತ್ರ ಬೇರೆ. ಪೈಲಟ್‌ಗೆ ಗುರಾಣಿ, ಬಾಂಬ್ ಹಾಕುವವನಿಗೆ ಬಾಂಬು, ಗ್ಲೈಡರ್ ಪೈಲಟ್‌ಗೆ 'ಜಿ' ಅಕ್ಷರ. ಗುರಾಣಿಯ ಮೇಲೆ ನಕ್ಷತ್ರ ಇದ್ದರೆ ಅವನು ಸೀನಿಯರ್ ಪೈಲಟ್.

"ತುಂಬಾ ಅಪರೂಪದ್ದು ಸಾರ್" ಅಂತ ಮಾರುವವರು ಹೇಳುವುದುಂಟು. ಒಂದು ಲೆಕ್ಕ ನೋಡಿ. ಯುದ್ಧದ ಕಾಲದಲ್ಲಿ ಕೆನಡಾದಲ್ಲಿ ನಡೆದ ಒಂದೇ ತರಬೇತಿ ಯೋಜನೆಯಲ್ಲಿ 1,31,000ಕ್ಕೂ ಹೆಚ್ಚು ವಿಮಾನ ಸಿಬ್ಬಂದಿ ಪಾಸಾದರು. ಅಮೆರಿಕದ ಸೈನ್ಯ 1939ರಿಂದ 1945ರ ನಡುವೆ ತಯಾರು ಮಾಡಿದ ಪೈಲಟ್‌ಗಳೇ 1,90,000 ದಾಟುತ್ತಾರೆ. ಒಬ್ಬೊಬ್ಬನೂ ಎರಡು ಮೂರು ಬ್ಯಾಡ್ಜ್ ಇಟ್ಟುಕೊಂಡಿರುತ್ತಿದ್ದ. ಅಂದಮೇಲೆ ಸಾಮಾನ್ಯ ಪೈಲಟ್ ರೆಕ್ಕೆ ಅಪರೂಪ ಹೇಗಾದೀತು? ನಮ್ಮ ದೇಶದ್ದು ಮಾತ್ರ ನಿಜಕ್ಕೂ ಕಡಿಮೆ. ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ವಾಯುಪಡೆಯಲ್ಲಿ ಎಲ್ಲ ಸೇರಿ ಸುಮಾರು 28,500 ಮಂದಿ, ಅದರಲ್ಲಿ ಅಧಿಕಾರಿಗಳು ಸುಮಾರು 1,600. ವಿಮಾನ ಹಾರಿಸಿದವರು ಇನ್ನೂ ಕಡಿಮೆ. ಕಡಿಮೆ ಇರುವ ವಸ್ತುವಿಗೇ ನಕಲಿ ಹುಟ್ಟುವುದು, ಅಲ್ವಾ?

ಕಾರ್ಡಿನಲ್ಲಿದ್ದ ತಪ್ಪು

ಈಗ ಹುಡುಗನ ಬ್ಯಾಡ್ಜಿಗೆ ಬರೋಣ. ಭಾರತೀಯ ವಾಯುಪಡೆ ಶುರುವಾದದ್ದು 1932ರ ಅಕ್ಟೋಬರ್ 8ರಂದು. ಮುಂದಿನ ವರ್ಷದ ಏಪ್ರಿಲ್ 1ಕ್ಕೆ ಕರಾಚಿಯಲ್ಲಿ ನಾಲ್ಕೇ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಮೊದಲ ತುಕಡಿ ನಿಂತಿತು. ಆಗ ಅದರ ಹೆಸರು ಬರೀ 'ಇಂಡಿಯನ್ ಏರ್ ಫೋರ್ಸ್'. ಬರ್ಮಾದಲ್ಲಿ ಮಾಡಿದ ಕೆಲಸಕ್ಕೆ ಮೆಚ್ಚಿ ಬ್ರಿಟಿಷ್ ರಾಜ 'ರಾಯಲ್' ಅನ್ನುವ ಬಿರುದು ಕೊಟ್ಟದ್ದು 1945ರ ಮಾರ್ಚ್‌ನಲ್ಲಿ. 1950ರ ಜನವರಿ 26ರಂದು ನಾವು ಗಣರಾಜ್ಯವಾದೆವು, 'ರಾಯಲ್' ಹೋಯಿತು, ಕಿರೀಟವೂ ಹೋಯಿತು. ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹ ಬಂತು.

ಅಂದರೆ 'ಆರ್‌ಐಎಎಫ್' (ರಾಯಲ್ ಇಂಡಿಯನ್ ಏರ್ ಫೋರ್ಸ್) ಅನ್ನುವ ನಾಲ್ಕು ಅಕ್ಷರಕ್ಕೆ ಇದ್ದ ಆಯಸ್ಸು ಐದು ವರ್ಷವೂ ಇಲ್ಲ. ಯುದ್ಧದ ಲೆಕ್ಕದಲ್ಲಿ ನೋಡಿದರೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೆಲವೇ ತಿಂಗಳು. 1942ರಲ್ಲಿ ಆ 'ಆರ್' ಹುಟ್ಟೇ ಇರಲಿಲ್ಲ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಯಾರಾದರೂ '1985, ದಾವಣಗೆರೆ ಜಿಲ್ಲಾಧಿಕಾರಿ ಕಚೇರಿ' ಅಂತ ಸೀಲು ಹೊಡೆದ ಕಾಗದ ತೋರಿಸಿದರೆ ನೀವು ಏನನ್ನುತ್ತೀರಿ? ಆಗ ನಾವೆಲ್ಲ ಚಿತ್ರದುರ್ಗ ಜಿಲ್ಲೆಯಲ್ಲಿದ್ದೆವು. ಇದೂ ಹಾಗೇ.

ಇದನ್ನು ಕೇಳಿ ಹುಡುಗನ ಮುಖ ಸಪ್ಪಗಾಯಿತು. "ಹಂಗಾರ ಡೂಪ್ಲಿಕೇಟಾ ಅಣ್ಣಾ?" ಅಂದ. ಅಷ್ಟು ಬೇಗ ಹೇಳಲಾಗುವುದಿಲ್ಲ. ಕಾರ್ಡು ಸುಳ್ಳು ಅಂತ ಗೊತ್ತಾಯಿತು. ಬ್ಯಾಡ್ಜ್ ಸುಳ್ಳೋ ನಿಜವೋ ಅನ್ನುವುದು ಬೇರೆಯೇ ಪ್ರಶ್ನೆ.

ಕಿರೀಟ ಹೇಳುವ ಕಾಲ

ಬ್ರಿಟಿಷ್ ಬ್ಯಾಡ್ಜುಗಳಲ್ಲಿ ಕಾಲ ಹೇಳುವ ಸುಲಭದ ಗುರುತು ಕಿರೀಟ. ಎರಡು ಬಗೆ ಇವೆ. ಒಂದು 'ರಾಜನ ಕಿರೀಟ'. ಅದರ ಎರಡು ಕಮಾನುಗಳು ಬದಿಯಿಂದ ಏರಿ, ಗುಮ್ಮಟದ ಹಾಗೆ ದುಂಡಗೆ ಮೇಲೆ ಸೇರುತ್ತವೆ. ಇನ್ನೊಂದು 'ರಾಣಿಯ ಕಿರೀಟ'. ಅದರ ಕಮಾನು ಮೇಲೆ ಹೋಗಿ ನಡುವೆ ಸ್ವಲ್ಪ ತಗ್ಗುತ್ತದೆ. ಎರಡು ಗುಡ್ಡಗಳ ಮಧ್ಯದ ಕಣಿವೆಯಂತೆ.

ಎರಡೂ ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿಗೆ ರಾಜರೇ ಇದ್ದರು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದದ್ದು 1952ರಲ್ಲಿ. ಆದ್ದರಿಂದ ನಡುವೆ ತಗ್ಗಿದ ಕಿರೀಟ ಕಂಡರೆ ಅದು ಯುದ್ಧದ ಕಾಲದ್ದಲ್ಲ. ಅಸಲಿ ಬ್ಯಾಡ್ಜೇ ಇರಬಹುದು, ಆದರೆ ಆಮೇಲಿನದ್ದು.

ಈಗ ಇಲ್ಲೊಂದು ತಿರುವು ಬಂದಿದೆ. 2022ರಲ್ಲಿ ಚಾರ್ಲ್ಸ್ ರಾಜನಾದ ಮೇಲೆ ಮತ್ತೆ ದುಂಡನೆ ಕಿರೀಟವನ್ನೇ ಆರಿಸಿಕೊಂಡ. ಹಾಗಾಗಿ ಮೊನ್ನೆ ಮೊನ್ನೆ ಹೊಲಿದ ಹೊಸ ಬ್ಯಾಡ್ಜುಗಳಲ್ಲೂ ಅಂಥದ್ದೇ ಕಿರೀಟ ಇದೆ. ಹಳೇ ಪುಸ್ತಕಗಳಲ್ಲಿ 'ರಾಜನ ಕಿರೀಟ ಇದ್ದರೆ 1952ಕ್ಕೂ ಹಿಂದಿನದ್ದು' ಅಂತ ಬರೆದಿರುತ್ತದೆ. ಆ ಮಾತು ಇನ್ನು ಪೂರ್ತಿ ನಡೆಯುವುದಿಲ್ಲ.

ಸೀರೆಯ ಒಳಮೈ ನೋಡಿದ ಹಾಗೆ

ನಮ್ಮ ಜಿಲ್ಲೆಯ ಹೆಂಗಸರು ಮೊಳಕಾಲ್ಮುರು ಸೀರೆ ಕೊಳ್ಳುವಾಗ ಏನು ಮಾಡುತ್ತಾರೆ? ಸೆರಗು ಹರಡಿ ಮೆಚ್ಚುತ್ತಾರೆ ನಿಜ. ಆದರೆ ದುಡ್ಡು ಬಿಚ್ಚುವ ಮುಂಚೆ ಮಗುಚಿ ಒಳಮೈ ನೋಡುತ್ತಾರೆ. ದಾರ ಹೇಗೆ ತಿರುಗಿದೆ, ಎಲ್ಲಿ ಕತ್ತರಿಸಿದ್ದಾರೆ, ಕೈಮಗ್ಗವೋ ಮಿಷನ್ನೋ ಅನ್ನುವುದೆಲ್ಲ ಅಲ್ಲಿ ಕಾಣುತ್ತದೆ. ಬ್ಯಾಡ್ಜಿಗೂ ಇದೇ ವಿದ್ಯೆ. ಮುಖವನ್ನು ಫೋಟೋ ನೋಡಿಕೊಂಡು ಯಾರು ಬೇಕಾದರೂ ನಕಲು ಮಾಡಬಹುದು. ಬೆನ್ನಿನ ಫೋಟೋ ಬಹಳ ಕಡೆ ಇರುವುದಿಲ್ಲ. ಇದ್ದರೂ ನಕಲು ಮಾಡುವವನಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಯುದ್ಧಕಾಲದ ಬಟ್ಟೆ ರೆಕ್ಕೆಯ ಹಿಂದೆ ಸಾಮಾನ್ಯವಾಗಿ ತೆಳುವಾದ ಹತ್ತಿ ಬಟ್ಟೆಯ ಪದರ ಇರುತ್ತದೆ. ಅದು ಕಾಲಕ್ಕೆ ಹಳದಿಗೆ ತಿರುಗಿರುತ್ತದೆ. ಅಂಗಿಯ ಮೇಲೆ ಹೊಲಿದಿದ್ದರೆ ಅಂಚಿನ ಸುತ್ತ ಸೂಜಿಯ ತೂತುಗಳ ಸಾಲು ಸಿಗುತ್ತದೆ. ಅಂಚನ್ನು ಒಳಕ್ಕೆ ಮಡಚಿ ಹೊಲಿದಿದ್ದರೆ ಆ ಮಡಿಕೆಯನ್ನು ಮೆಲ್ಲಗೆ ತೆರೆದು ನೋಡಿ. ಬಿಸಿಲು ಕಾಣದ ಆ ಜಾಗದಲ್ಲಿ ಬಣ್ಣ ಇನ್ನೂ ಗಾಢವಾಗಿರಬೇಕು. ಎದುರಿನ ಬಣ್ಣವೂ ಮಡಿಕೆಯ ಬಣ್ಣವೂ ಒಂದೇ ಥರ ಮಾಸಿದ್ದರೆ ಅನುಮಾನ ಬರಬೇಕು. ಚಹಾದ ನೀರಲ್ಲಿ ಅದ್ದಿ 'ಹಳೇದು' ಮಾಡಿರುವ ಸಾಧ್ಯತೆ ಇದೆ. ಬಿಸಿಲಿಗೆ ಮಡಿಕೆಯೊಳಗೆ ಹೋಗಲು ಬರುವುದಿಲ್ಲ, ಚಹಾಕ್ಕೆ ಬರುತ್ತದೆ.

ಈಗಿನ ಕಂಪ್ಯೂಟರ್ ಕಸೂತಿಯ ಬೆನ್ನು ಬೇರೆ ಥರ. ಬಿಳಿ ದಾರ ಒಂದೇ ಅಳತೆಯಲ್ಲಿ ಅಚ್ಚುಕಟ್ಟಾಗಿ ಓಡಿರುತ್ತದೆ. ಇಸ್ತ್ರಿ ಹಾಕಿ ಅಂಟಿಸುವಂಥ ಹೊಳೆಯುವ ಪ್ಲಾಸ್ಟಿಕ್ ಪದರ ಇದ್ದರಂತೂ ಮುಂದೆ ನೋಡುವುದೇ ಬೇಡ.

ಮನೆಯಲ್ಲೇ ಮಾಡುವ ಎರಡು ಪರೀಕ್ಷೆ ಇವೆ. ಒಂದು ಬೆಂಕಿಯದ್ದು. ಬ್ಯಾಡ್ಜಿಗೆ ಬೆಂಕಿ ಹಚ್ಚಬೇಡಿ ಮಾರಾಯ್ರೆ! ಬೆನ್ನಿನಲ್ಲಿ ತಾನಾಗಿ ಬಿಟ್ಟುಕೊಂಡ ಒಂದು ಎಳೆ ಸಿಕ್ಕರೆ ಸಾಕು. ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಚಳ್ಳಕೆರೆ ಕಂಬಳಿಯ ಎಳೆ ಸುಟ್ಟರೆ ಬರುವ ವಾಸನೆ ಗೊತ್ತಲ್ಲ, ಕೂದಲು ಸುಟ್ಟ ಹಾಗೆ? ಉಣ್ಣೆಯಾದರೆ ಅದೇ ವಾಸನೆ. ಉಳಿದದ್ದು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಯುದ್ಧದ ಕಾಲದ ಬ್ಯಾಡ್ಜಿನಲ್ಲಿ ಪಾಲಿಯೆಸ್ಟರ್ ದಾರಕ್ಕೆ ಜಾಗವೇ ಇಲ್ಲ.

ಇನ್ನೊಂದು, ಅಂಗಡಿಗಳಲ್ಲಿ ನೋಟು ನೋಡಲು ಇಟ್ಟಿರುವ ನೇರಳೆ ದೀಪದ್ದು. ಕತ್ತಲೆ ಕೋಣೆಯಲ್ಲಿ ಅದರ ಬೆಳಕು ಬಿಟ್ಟರೆ ಈಗಿನ ಕಾಲದ ದಾರ, ಕಾಗದ ಎಲ್ಲ ನೀಲಿ ಬಿಳುಪಾಗಿ ಹೊಳೆಯುತ್ತವೆ. ಬಿಳುಪು ಹೆಚ್ಚಿಸಲು ಬೆರೆಸುವ ರಾಸಾಯನಿಕ ಅದಕ್ಕೆ ಕಾರಣ. ಅದು ಎಲ್ಲ ಕಡೆ ಬಳಕೆಗೆ ಬಂದದ್ದು ಯುದ್ಧದ ನಂತರ. ಹಳೇ ಹತ್ತಿ, ಉಣ್ಣೆ ಮಂಕಾಗಿ ಉಳಿಯುತ್ತವೆ. ಆದರೆ ಈ ದೀಪವನ್ನು ಕಣ್ಣುಮುಚ್ಚಿ ನಂಬಬೇಡಿ. ಯಾರದೋ ಮನೆಯ ಸೊಸೆ ಅಜ್ಜನ ಕೋಟನ್ನು ಈಗಿನ ಸೋಪಿನ ಪುಡಿಯಲ್ಲಿ ಒಮ್ಮೆ ನೆನೆಸಿದ್ದರೂ ಅಸಲಿ ಬ್ಯಾಡ್ಜು ಹೊಳೆಯುತ್ತದೆ. ಹೊಳೆಯದಿದ್ದರೆ ಒಳ್ಳೆಯ ಸೂಚನೆ. ಹೊಳೆದರೆ ಇನ್ನೊಂದಿಷ್ಟು ಪ್ರಶ್ನೆ ಕೇಳಬೇಕು.

ಲೋಹದ ಬ್ಯಾಡ್ಜ್: ನಾಣ್ಯವೋ, ಸಕ್ಕರೆ ಅಚ್ಚೋ?

ಅಮೆರಿಕದ ರೆಕ್ಕೆಗಳು ಹೆಚ್ಚಾಗಿ ಲೋಹದವು. ಅಗಲ ಮೂರು ಇಂಚು. ಅಂಗಿಗೆ ಹಾಕಲು ಚಿಕ್ಕವೂ ಇದ್ದವು. ಇಲ್ಲಿ ತಿಳಿಯಬೇಕಾದ ಮೊದಲ ವಿಷಯ, ಲೋಹಕ್ಕೆ ರೂಪ ಕೊಡುವ ಎರಡು ದಾರಿ.

ಒಂದು, ಒತ್ತುವುದು. ಉಕ್ಕಿನಲ್ಲಿ ಕೆತ್ತಿದ ಅಚ್ಚಿನ ನಡುವೆ ಲೋಹದ ತಗಡಿಟ್ಟು ಭಾರೀ ಒತ್ತಡದಲ್ಲಿ ಕುಟ್ಟುತ್ತಾರೆ. ನಾಣ್ಯ ಮಾಡುವುದು ಹೀಗೆ. ಇನ್ನೊಂದು, ಎರಕ. ಲೋಹ ಕರಗಿಸಿ ಅಚ್ಚಿನೊಳಗೆ ಸುರಿಯುತ್ತಾರೆ. ಸಂಕ್ರಾಂತಿಗೆ ನಾವು ಸಕ್ಕರೆ ಅಚ್ಚು ಮಾಡುತ್ತೇವಲ್ಲ, ಅದೇ ಕ್ರಮ. ಒಂದು ಸಕ್ಕರೆ ಗಿಳಿಯನ್ನು ನೆನಪು ಮಾಡಿಕೊಳ್ಳಿ. ಅಂಚು ಮೊಂಡು, ಕಣ್ಣು ಮಸುಕು, ಮೈಮೇಲೆ ಗುಳ್ಳೆ ಒಡೆದ ಸಣ್ಣ ಸಣ್ಣ ತೂತು, ಎರಡು ಹಲಗೆ ಸೇರಿದ ಕಡೆ ಒಂದು ಗೆರೆ.

ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಮಾಡಿದ ಯುದ್ಧಕಾಲದ ರೆಕ್ಕೆಗಳು ಹೆಚ್ಚಾಗಿ ಒತ್ತಿ ಮಾಡಿದವು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ನೋಡಿ. ಗರಿಯ ಒಂದೊಂದು ಗೆರೆಯೂ ಚೂಪಾಗಿ, ಗೆರೆಗಳ ನಡುವಿನ ತಳ ನುಣುಪಾಗಿ ಇರಬೇಕು. ಗರಿಗಳ ಸಂದಿಯಲ್ಲಿ ಸೂಜಿ ಚುಚ್ಚಿದಂಥ ಗುಳಿ ಕಂಡರೆ ಎರಕ ಅಂತ ತಿಳಿಯಿರಿ. ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗೀರುಗಳಿದ್ದರೆ ಅಚ್ಚು ಸೇರಿದ ಗೆರೆಯನ್ನು ಅಳಿಸಲು ನೋಡಿದ್ದಾರೆ ಅಂತ ಅನುಮಾನಿಸಿ.

ಅಸಲಿ ಬ್ಯಾಡ್ಜಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ? ಆಗ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ, ನಕಲು ಮೂಲಕ್ಕಿಂತ ಒಂಚೂರು ಚಿಕ್ಕದಾಗುತ್ತದೆ. ಅದಕ್ಕೇ ಇದರಲ್ಲಿ ಪಳಗಿದವರು ಅಳತೆಯನ್ನು ಮಿಲಿಮೀಟರ್ ಬಿಡದೆ ಕೇಳುವುದು. ಬೆನ್ನಿನ ಅಕ್ಷರಗಳೂ ಜೆರಾಕ್ಸ್‌ನ ಜೆರಾಕ್ಸ್ ಥರ ಮಸುಕಾಗುತ್ತವೆ. 'ಸ್ಟರ್ಲಿಂಗ್' ಅಂತ ಬರೆದಿದೆ ಅನ್ನುವುದು ಮುಖ್ಯವಲ್ಲ. ಆ ಅಕ್ಷರಗಳ ಅಂಚು ಹೇಗಿದೆ ಅನ್ನುವುದು ಮುಖ್ಯ.

ಸ್ಟರ್ಲಿಂಗ್ ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ನಿಮ್ಮ ಪರಿಚಯದ ಅಕ್ಕಸಾಲಿಗರ ಹತ್ತಿರ ಹೋಗಿ. ಒರೆಗಲ್ಲಿಗೆ ಉಜ್ಜಲು ಕೊಡಬೇಡಿ, ಗೀರು ಬೀಳುತ್ತದೆ. ತಕ್ಕಡಿ ಸಾಕು. ಬ್ಯಾಡ್ಜನ್ನು ಮೊದಲು ಹಾಗೇ ತೂಗಬೇಕು. ಆಮೇಲೆ ದಾರದಲ್ಲಿ ಕಟ್ಟಿ, ನೀರಿನ ಲೋಟದಲ್ಲಿ ತಳ ಮುಟ್ಟದಂತೆ ಮುಳುಗಿಸಿ ತೂಗಬೇಕು. ನೀರಲ್ಲಿ ತೂಕ ಕಡಿಮೆ ಬರುತ್ತದೆ. ಮೊದಲ ತೂಕವನ್ನು ಆ ಕಡಿಮೆಯಾದ ತೂಕದಿಂದ ಭಾಗಿಸಿ. ಉದಾಹರಣೆಗೆ, ಹೊರಗೆ 20.6 ಗ್ರಾಂ, ನೀರಲ್ಲಿ 18.6 ಗ್ರಾಂ. ಕಡಿಮೆಯಾದದ್ದು 2 ಗ್ರಾಂ. 20.6ನ್ನು 2ರಿಂದ ಭಾಗಿಸಿದರೆ 10.3. ಸ್ಟರ್ಲಿಂಗ್ ಬೆಳ್ಳಿ ಇದರ ಆಸುಪಾಸೇ ಬರುತ್ತದೆ. ಹಿತ್ತಾಳೆಯಾದರೆ ಸುಮಾರು 8.5, ಸತುವಾದರೆ 7ರ ಹತ್ತಿರ. ಹಿಂಬದಿಯ ಪಿನ್ನು ಬೇರೆ ಲೋಹದ್ದಾದರೆ ಲೆಕ್ಕ ಸ್ವಲ್ಪ ಅತ್ತಿತ್ತ ಆಗುತ್ತದೆ, ಅಷ್ಟೆ. ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದರಿಂದ ಕಬ್ಬಿಣ ಮಾತ್ರ ಗೊತ್ತಾಗುತ್ತದೆ. ಬೆಳ್ಳಿ, ಹಿತ್ತಾಳೆ, ಸತು ಯಾವುದೂ ಅಂಟುವುದಿಲ್ಲ.

ಬೆನ್ನಿನ ಪಿನ್ನಿನ ಬಗ್ಗೆ ಒಂದು ಮಾತು. ಕೆಲವಕ್ಕೆ ಸೇಫ್ಟಿ ಪಿನ್ನಿನಂಥ ಉದ್ದ ಪಿನ್ನು, ಕೆಲವಕ್ಕೆ ಎರಡು ಮುಳ್ಳು ಮತ್ತು ಚಿಟ್ಟೆಯಾಕಾರದ ಕ್ಲಚ್. "ಕ್ಲಚ್ ಇದ್ದರೆ ಹೊಸದು" ಅನ್ನುವ ಮಾತು ತಪ್ಪು. ಅಮೆರಿಕದಲ್ಲಿ ಕ್ಲಚ್ ಯುದ್ಧದ ನಡುವೆಯೇ ಬಂದಿತ್ತು. ಆದರೆ ತಯಾರಕರ ಹೆಸರಿನ ಬದಲು '22ಎಂ' ಥರದ ಸಂಖ್ಯೆ ಮತ್ತು ಅಕ್ಷರದ ಕೋಡ್ ಇದ್ದರೆ ಅದು ಯುದ್ಧದ ನಂತರದ ಪದ್ಧತಿ. 22ಎಂ ಅಂದರೆ ನ್ಯೂಯಾರ್ಕಿನ ಎನ್.ಎಸ್. ಮೇಯರ್ ಕಂಪನಿ. ಇದೇ ಕಂಪನಿ ಯುದ್ಧದ ಕಾಲದಲ್ಲೂ ರೆಕ್ಕೆ ಮಾಡಿತ್ತು, ಆಗ ತನ್ನ ಹೆಸರನ್ನೇ ಹಾಕುತ್ತಿತ್ತು.

ಕೂಡಿಡುವವರಿಗೆ ತಲೆನೋವು ತರುವುದು ಎರಕವಲ್ಲ. ಹಳೇ ಅಚ್ಚಿನಲ್ಲೇ ಎಷ್ಟೋ ವರ್ಷದ ಮೇಲೆ ಹೊಸದಾಗಿ ಒತ್ತಿದ ಬ್ಯಾಡ್ಜುಗಳು. ಅಜ್ಜಿಯ ಕಾಲದ ಮರದ ಅಚ್ಚಿನಲ್ಲಿ ಈ ಸಂಕ್ರಾಂತಿಗೆ ಸಕ್ಕರೆ ಹೊಯ್ದ ಹಾಗೆ. ಅಚ್ಚು ಹಳೇದು, ಸಕ್ಕರೆ ಹೊಸದು. ಗರಿಗಳೆಲ್ಲ ಚೂಪಾಗಿಯೇ ಇರುತ್ತವೆ. ಆಗ ಪಿನ್ನು ಬೆಸೆದ ರೀತಿ, ಮುಗಿಸಿದ ರೀತಿ, ಸವೆತ ಇವನ್ನೇ ನೋಡಬೇಕು. ನಿಜವಾದ ಸವೆತ ಎತ್ತರದ ಜಾಗದಲ್ಲಿ ಬೀಳುತ್ತದೆ, ಬೆಳ್ಳಿಯ ಕಪ್ಪು ತಗ್ಗಿನಲ್ಲಿ ಕೂರುತ್ತದೆ. ಮೈತುಂಬ ಒಂದೇ ಸಮ ಕಪ್ಪಾಗಿದ್ದರೆ ಅದು ಬಾಟಲಿಯಿಂದ ಬಂದ ಕಪ್ಪು.

ಅಮೆರಿಕದ ರೆಕ್ಕೆ ನಮ್ಮ ಕಡೆ ಯಾಕೆ ಸಿಗುತ್ತದೆ?

ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಶುರುವಾದದ್ದು 1940ರ ಡಿಸೆಂಬರ್‌ನಲ್ಲಿ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಕಟ್ಟಿದ್ದು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಚೀನಾ, ಬರ್ಮಾ ಕಡೆ ಹಾರುತ್ತಿದ್ದ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ನೊರೆ ಉಕ್ಕಿ ಸುದ್ದಿಯಾದ ಅದೇ ಕೆರೆ! ಆಗ ಬೆಂಗಳೂರಿನಲ್ಲಿ ಅಮೆರಿಕದವರು ಬೀದಿ ತುಂಬ ಇದ್ದರು. ಅವರು ಬಿಟ್ಟುಹೋದದ್ದು, ಮಾರಿದ್ದು, ಕೊಟ್ಟದ್ದು ಪುಣೆ ರಸ್ತೆ ಹಿಡಿದು ನಮ್ಮೂರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ.

ಇವರು ಇನ್ನೊಂದು ಕೆಲಸ ಮಾಡಿದರು. ಇಲ್ಲಿನ ಬಜಾರಿನ ದರ್ಜಿಗಳ ಹತ್ತಿರ, ಬೆಳ್ಳಿ ಕೆಲಸದವರ ಹತ್ತಿರ ತಮಗೆ ಬೇಕಾದ ರೆಕ್ಕೆ ಮಾಡಿಸಿಕೊಂಡರು. ಜರಿಯಲ್ಲಿ ಕಸೂತಿ ಹಾಕಿದವು, ಕೈಯಲ್ಲಿ ಎರಕ ಹೊಯ್ದವು. ಇವು ಅಳತೆಗೆ ಸರಿಯಾಗಿರುವುದಿಲ್ಲ. ಗರಿಗಳ ಲೆಕ್ಕ ತಪ್ಪಿರುತ್ತದೆ. ಗುರಾಣಿ ಒಂದು ಕಡೆ ವಾಲಿರುತ್ತದೆ. ಆದರೂ ಅಸಲಿ! ಪೈಲಟ್ ಇದನ್ನೇ ಎದೆಗೆ ಹಾಕಿಕೊಂಡು ಹಾರಿದ್ದಾನೆ. ಇಂಥವನ್ನು ಹುಡುಕಿ ಕೊಳ್ಳುವವರೇ ಇದ್ದಾರೆ.

ಈಗ ತೊಂದರೆ ಎಲ್ಲಿ ಗೊತ್ತಾ? ವಾರಾಣಸಿ ಮತ್ತು ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಅದೇ ಜರಿ ಕಸೂತಿ ಇವತ್ತೂ ನಡೆಯುತ್ತಿದೆ. ಬೇರೆ ಬೇರೆ ದೇಶಗಳ ಸೈನ್ಯಕ್ಕೆ ಅಲ್ಲಿಂದಲೇ ಬ್ಯಾಡ್ಜ್ ಹೋಗುತ್ತದೆ. ಅದು ನ್ಯಾಯವಾದ ದುಡಿಮೆ. ಅವರು ಹೊಸದೆಂದೇ ಹೊಲಿದು ಮಾರಿದ್ದನ್ನು ನಡುವಿನವನೊಬ್ಬ ಮಾಸಿಸಿ 'ಯುದ್ಧದ್ದು' ಅಂತ ಮಾರುತ್ತಾನೆ. ಕೈ ಅದೇ, ಸೂಜಿ ಅದೇ, ವಿನ್ಯಾಸ ಅದೇ. ಬೇರೆಯಾಗಿರುವುದು ಸಾಮಾನು ಮಾತ್ರ. ಹಳೇ ಜರಿಯಲ್ಲಿ ನಿಜವಾದ ಬೆಳ್ಳಿ ಇದ್ದರೆ ಅದು ಕಪ್ಪಾಗುತ್ತದೆ, ತಾಮ್ರ ಇದ್ದರೆ ಹಸಿರು ಕಿಲುಬು ಹಿಡಿಯುತ್ತದೆ. ಪ್ಲಾಸ್ಟಿಕ್ ಲೇಪದ ಜರಿ ಎಷ್ಟು ವರ್ಷವಾದರೂ ಮಿರಮಿರ ಮಿಂಚುತ್ತದೆ. ಅಂಟಿಸಿದ ಹಿಂಬದಿಯ ಕಾಗದವೂ ಮಾತಾಡುತ್ತದೆ. ಒಮ್ಮೆ ಒಬ್ಬರು 1944ರದ್ದು ಅಂತ ತೋರಿಸಿದ ಜರಿ ರೆಕ್ಕೆಯ ಹಿಂದೆ ಗಟ್ಟಿಗಿರಲಿ ಅಂತ ಒಂದು ತುಂಡು ಪತ್ರಿಕೆ ಅಂಟಿಸಿತ್ತು. ಅಂಚು ಎದ್ದ ಕಡೆ ಇಣುಕಿ ನೋಡಿದರೆ ಮೊಬೈಲ್ ರೀಚಾರ್ಜ್ ಜಾಹೀರಾತು!

ಜರ್ಮನ್ ಬ್ಯಾಡ್ಜುಗಳ ಬಗ್ಗೆ

ಇದು ಎಲ್ಲಕ್ಕಿಂತ ಹೆಚ್ಚು ನಕಲಾಗುವ ಮಾಲು. ಹಿಟ್ಲರ್ ಕಾಲದ ಜರ್ಮನಿ ತನ್ನ ಪೈಲಟ್ ಬ್ಯಾಡ್ಜನ್ನು 1930ರ ದಶಕದ ನಡುವಿನಲ್ಲಿ ತಂದಿತು. ಎಲೆಗಳ ಬಳೆಯ ಮೇಲೆ ಹಾರುವ ಹದ್ದು. ಬಳೆ ಬೇರೆ, ಹದ್ದು ಬೇರೆ. ಹಿಂದಿನಿಂದ ರಿವೆಟ್ ಹೊಡೆದು ಎರಡನ್ನೂ ಕೂಡಿಸುತ್ತಿದ್ದರು. ಎರಡೂ ಒಂದೇ ತುಂಡಾಗಿ ಎರಕ ಹೊಯ್ದಿದ್ದು, ರಿವೆಟ್ ಬರೀ ತೋರಿಕೆಗೆ ಇದ್ದರೆ ಅಲ್ಲೇ ಮುಗಿಯಿತು. ಲೋಹವೂ ಕಾಲ ಹೇಳುತ್ತದೆ. ಮೊದಮೊದಲು ಒಳ್ಳೆಯ ಲೋಹ ಇಲ್ಲವೇ ಅಲ್ಯೂಮಿನಿಯಂ, ಯುದ್ಧ ಕೈಮೀರಿದ ಹಾಗೆ ಅಗ್ಗದ ಸತು. ಇವುಗಳ ಮೇಲಿನ ನಾಜಿ ಗುರುತನ್ನು ಜರ್ಮನಿಯಲ್ಲಿ ಬಹಿರಂಗವಾಗಿ ಪ್ರದರ್ಶಿಸುವುದು ಕಾನೂನಿಗೆ ವಿರುದ್ಧ. ಹೊಸಬರಿಗೆ ನನ್ನ ಸಲಹೆ, ಇದರ ತಂಟೆಗೇ ಹೋಗಬೇಡಿ.

ರೆಕ್ಕೆ ಇದ್ದದ್ದೆಲ್ಲ ಪೈಲಟ್ ಬ್ಯಾಡ್ಜ್ ಅಲ್ಲ

ಪೈಲಟ್‌ಗಳು ತಾಯಿಗೆ, ಹೆಂಡತಿಗೆ, ಮದುವೆ ಗೊತ್ತಾದ ಹುಡುಗಿಗೆ ಕೊಡುತ್ತಿದ್ದ ಪುಟ್ಟ ರೆಕ್ಕೆಯ ಬ್ರೂಚುಗಳಿದ್ದವು. 'ಸ್ವೀಟ್‌ಹಾರ್ಟ್ ಬ್ರೂಚ್' ಅನ್ನುತ್ತಾರೆ. ಬೆಳ್ಳಿ, ಚಿನ್ನ, ಮುತ್ತಿನ ಚಿಪ್ಪು ಎಲ್ಲದರಲ್ಲೂ ಇವೆ. ಬ್ರಿಟಿಷ್ ಪೈಲಟ್‌ನ ಅಧಿಕೃತ ರೆಕ್ಕೆ ಬಟ್ಟೆಯದ್ದು. ಹಾಗಾಗಿ ಚಿಕ್ಕ, ನಾಜೂಕಾದ ಲೋಹದ ಬ್ರಿಟಿಷ್ ರೆಕ್ಕೆ ಸಿಕ್ಕರೆ ಅದು ಹೆಚ್ಚಾಗಿ ಇಂಥ ಬ್ರೂಚೇ. ಇದೂ ಯುದ್ಧಕಾಲದ್ದೇ, ಅಸಲಿಯೇ. ಯೋಧನ ಎದೆಯದ್ದಲ್ಲ, ಅವನಿಗಾಗಿ ಕಾಯುತ್ತಿದ್ದವಳದ್ದು.

ಇನ್ನೊಂದು, ಪುಟ್ಟ ಚಿನ್ನದ ಕಂಬಳಿಹುಳ. ವಿಮಾನ ಕೆಟ್ಟು ಪ್ಯಾರಾಶೂಟಿನಿಂದ ಜೀವ ಉಳಿಸಿಕೊಂಡವರಿಗೆ ಇರ್ವಿನ್ ಅನ್ನುವ ಪ್ಯಾರಾಶೂಟ್ ಕಂಪನಿ ಇದನ್ನು ಕೊಡುತ್ತಿತ್ತು. ಆಗ ಪ್ಯಾರಾಶೂಟ್ ರೇಷ್ಮೆಯದ್ದು. ಜೀವ ಉಳಿಸಿದ್ದು ರೇಷ್ಮೆ ಹುಳ ಅನ್ನುವುದು ಲೆಕ್ಕ. ಇದರ ಬೆನ್ನಲ್ಲಿ ಉಳಿದವನ ಹೆಸರು ಕೊರೆದಿರುತ್ತದೆ. ರೆಕ್ಕೆಗಳಲ್ಲಿ ಸಾಮಾನ್ಯವಾಗಿ ಹೆಸರು ಇರುವುದಿಲ್ಲ.

ಕಥೆಗೆ ಕಾಗದ ಬೇಕು

ಹೆಸರಿಲ್ಲದ ವಸ್ತುವಿಗೆ ಕಥೆ ಕಟ್ಟುವುದು ಬಲು ಸುಲಭ. 'ಇಂಥ ಹೀರೋನ ಬ್ಯಾಡ್ಜ್' ಅಂದ ತಕ್ಷಣ ಬೆಲೆ ನಾಲ್ಕು ಪಟ್ಟು ಏರುತ್ತದೆ. ಕಥೆಗೆ ದುಡ್ಡು ಕೊಡುವ ಮುಂಚೆ ಕಾಗದ ಕೇಳಿ. ಎಲ್ಲಕ್ಕಿಂತ ಮುಖ್ಯ ಲಾಗ್ ಬುಕ್. ಲಾರಿಯವರು ಟ್ರಿಪ್ ಶೀಟ್ ಬರೆಯುವ ಹಾಗೆ ಪ್ರತಿ ಪೈಲಟ್ ತನ್ನ ಒಂದೊಂದು ಹಾರಾಟವನ್ನೂ ಅದರಲ್ಲಿ ಬರೆಯಲೇಬೇಕಿತ್ತು: ತಾರೀಖು, ವಿಮಾನ, ಎಷ್ಟು ಹೊತ್ತು, ಏನು ಕೆಲಸ. ಬ್ಯಾಡ್ಜು, ಲಾಗ್ ಬುಕ್, ಒಂದು ಫೋಟೋ ಒಂದೇ ಟ್ರಂಕಿನಿಂದ ಬಂದರೆ ಅದರ ತೂಕವೇ ಬೇರೆ. ಅಧಿಕಾರಿಗಳ ನೇಮಕ, ಶೌರ್ಯ ಪದಕಗಳ ವಿವರ 'ಲಂಡನ್ ಗೆಜೆಟ್' ಅನ್ನುವ ಸರ್ಕಾರಿ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅದರ ಹಳೇ ಸಂಚಿಕೆಗಳನ್ನು ಇವತ್ತು ಫೋನಿನಲ್ಲೇ ದುಡ್ಡಿಲ್ಲದೆ ಹುಡುಕಬಹುದು.

ನಿಮ್ಮ ಮನೆಯ ಟ್ರಂಕಿನಲ್ಲೇ ಏನಾದರೂ ಸಿಕ್ಕರೆ ಒಂದು ವಿನಂತಿ. ತೊಳೆಯಬೇಡಿ. ಬೆಳ್ಳಿ ಕಂಡ ಕೂಡಲೇ ಹುಣಸೆಹಣ್ಣೋ ವಿಭೂತಿಯೋ ಹಚ್ಚಿ ಫಳಫಳ ಮಾಡುವುದು ನಮ್ಮ ಮನೆಗಳ ಅಭ್ಯಾಸ. ದೇವರ ಸಾಮಾನಿಗೆ ಅದು ಸರಿ. ಬ್ಯಾಡ್ಜಿನ ತಗ್ಗಿನಲ್ಲಿ ಕೂತ ಕಪ್ಪೇ ಅದರ ವಯಸ್ಸಿನ ಸಾಕ್ಷಿ. ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಅಂಗಿಯ ಮೇಲೇ ಹೊಲಿದಿದ್ದರೆ ಬಿಚ್ಚಲೂ ಹೋಗಬೇಡಿ.

ಕಾನೂನಿನದ್ದು ಎರಡು ಮಾತು. 100 ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಮೊದಲ ಮಹಾಯುದ್ಧದ ಸಾಮಾನು ಈಗ ಆ ವಯಸ್ಸು ದಾಟಿದೆ. ಅಂಥದ್ದನ್ನು ಹೊರದೇಶಕ್ಕೆ ಕಳಿಸುವ ಮುಂಚೆ ವಿಚಾರಿಸಿ. ಇನ್ನು, ಸೈನಿಕ ಅಂತ ಜನ ನಂಬಲಿ ಎಂದು ಸೈನ್ಯದ ಉಡುಪು, ಗುರುತು ಹಾಕಿಕೊಂಡು ಓಡಾಡುವುದು ಅಪರಾಧ. ಮೂರು ತಿಂಗಳವರೆಗೆ ಜೈಲು ಆಗಬಹುದು. ಡಬ್ಬಿಯಲ್ಲಿಟ್ಟು ನೋಡಿ ಖುಷಿಪಡಲು ಅಡ್ಡಿಯಿಲ್ಲ.

ಆ ಆರೂವರೆ ಸಾವಿರದ ಬ್ಯಾಡ್ಜ್

ಮಾರನೇ ದಿನ ಹುಡುಗ ಮನೆಗೆ ಬಂದ. ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಇಳಿಬಿಟ್ಟು ನೇರಳೆ ದೀಪ ಹಿಡಿದೆವು. ಬ್ಯಾಡ್ಜು ಮಂಕಾಗಿಯೇ ಇತ್ತು. ಅದಕ್ಕೆ ಪಿನ್ ಹೊಡೆದಿದ್ದ ಕಾರ್ಡು ಮಾತ್ರ ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಮಗುಚಿದೆವು. ಹಳದಿಯಾದ ಹತ್ತಿ ಬಟ್ಟೆ, ಅಂಚಿನ ಸುತ್ತ ಸೂಜಿ ತೂತು, ಒಂದು ಮೂಲೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಖಾಕಿ ದಾರ. ಮಡಿಕೆಯೊಳಗೆ ನೀಲಿ ಇನ್ನೂ ಗಾಢ. ಬಿಟ್ಟುಕೊಂಡಿದ್ದ ಒಂದು ಎಳೆ ಸುಟ್ಟರೆ ಕಂಬಳಿ ವಾಸನೆ. ಕಿರೀಟ ದುಂಡನೆಯದ್ದು.

ಬ್ಯಾಡ್ಜಿನ ವಿರುದ್ಧ ಒಂದೂ ಸಾಕ್ಷಿ ಸಿಗಲಿಲ್ಲ. 1945ರಿಂದ 1950ರ ನಡುವೆ ಯಾರದೋ ಖಾಕಿ ಅಂಗಿಯ ಮೇಲೆ ಇದ್ದದ್ದು ಅನ್ನಲು ಅಡ್ಡಿಯಿಲ್ಲ. ಮಾರಿದವನಿಗೆ ಅದು ಸಾಲದೆ 'ಬರ್ಮಾ, 1942' ಅಂತ ಸೇರಿಸಿದ್ದ.

ಹುಡುಗ ಕಾರ್ಡು ಕಿತ್ತು ಬಿಸಾಕಲು ಹೊರಟ. "ಬಿಸಾಕಬೇಡ, ಅದನ್ನೂ ಒಂದು ಕವರಲ್ಲಿ ಇಡು" ಅಂದೆ. ಹೊಸ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ: 'ಆರ್‌ಐಎಎಫ್ ಪೈಲಟ್ ರೆಕ್ಕೆ. 1945–50. ಯಾರದ್ದು ಗೊತ್ತಿಲ್ಲ.'